ಕೆರೆ ಒಡೆದಿಲ್ಲ, ಒಡೆಯುತ್ತದೋ ಗೊತ್ತಿಲ್ಲ

ಬೆಳಿಗ್ಗೆ ಏಳೂವರೆಗೆ ನೀರಗಂಟಿಯ ಫೋನು ಬಂತು. ನಾನಿನ್ನೂ ಕೂಡ್ಲಿಗಿಯ ಬಾಡಿಗೆ ಮನೆಯಲ್ಲಿ ಚಹಾ ಸೋಸುತ್ತಿದ್ದೆ.

"ಅಕ್ಕಾರ, ಬಾಟ್ಲಿ ತಳದಾಗ ಮಣ್ಣು ಕುಂತೈತ್ರಿ."

"ಎಷ್ಟು ಕುಂತೈತಿ?"

"ಅರ್ಧ ಬೆರಳು. ನಿನ್ನಿ ಸಂಜಿ ಹಿಡಿದ ಬಾಟ್ಲ್ಯಾಗ ಏನೂ ಇದ್ದಿಲ್ಲ."

ಚಹಾ ಅಲ್ಲೇ ಬಿಟ್ಟು ಸ್ಕೂಟರ್ ತೆಗೆದೆ.

ಹೊಸಹಳ್ಳಿ ಹೋಬಳಿಯ ಆ ಊರಿನ ಕೆರೆ ಬಹಳ ವರ್ಷಗಳ ಮೇಲೆ ತುಂಬಿ, ನಾಲ್ಕು ದಿನದಿಂದ ಕೋಡಿ ಹರಿಯುತ್ತಿತ್ತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ನೆಂಟರೆಲ್ಲ ಬಂದು ಕೋಡಿಯ ನೀರಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗಿದ್ದರು. ವಿಪತ್ತು ಸಿದ್ಧತೆಯ ಒಂದು ಯೋಜನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ ನಾನು ಮೂರು ದಿನದ ಹಿಂದೆ ಕಿರಿಯ ಎಂಜಿನಿಯರ್ ಒಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ಏರಿಯ ಹಿಂಬದಿಯ ಬುಡದಲ್ಲಿ ಒಂದೆರಡು ಕಡೆ ನೀರು ಜಿನುಗುತ್ತಿತ್ತು. ಎಂಜಿನಿಯರ್ ಬಗ್ಗಿ ಬೊಗಸೆಯಲ್ಲಿ ಹಿಡಿದು ನೋಡಿ, "ತಿಳಿ ನೀರು. ಮಣ್ಣಿನ ಏರಿ ಅಂದ ಮೇಲೆ ಇಷ್ಟು ಜಿನುಗೋದು ಸಹಜ. ಕದಡಿದ ನೀರು ಬಂದರೆ ಮಾತ್ರ ಒಳಗೆ ಮಣ್ಣು ಕೊಚ್ಚಿ ಹೋಗ್ತಿದೆ ಅಂತ ಅರ್ಥ" ಎಂದಿದ್ದರು.

ಇದನ್ನು ಊರಿನವರಿಗೆ ಹೇಗೆ ಹೇಳುವುದು ಎಂದು ಯೋಚಿಸಿ ನಾನು ಮಾಡಿದ್ದು ಇಷ್ಟೇ. ಖಾಲಿ ನೀರಿನ ಬಾಟಲಿಗಳನ್ನು ತರಿಸಿ, ಬೆಳಿಗ್ಗೆ ಒಂದು, ಸಂಜೆ ಒಂದು ಜಿನುಗು ನೀರು ಹಿಡಿದು, ಅರ್ಧ ಗಂಟೆ ಅಲುಗಿಸದೆ ಇಟ್ಟು ತಳ ನೋಡಿ ಎಂದೆ. ಬಾಟಲಿಯ ಮೇಲೆ ಸುಣ್ಣದಲ್ಲಿ ವಾರ, ಹೊತ್ತು ಬರೆದು ಏರಿಯ ಮೇಲಿನ ಚೌಡಮ್ಮನ ಕಟ್ಟೆಯ ಮೇಲೆ ಸಾಲಾಗಿ ಇಡಬೇಕು. ನೀರಗಂಟಿ ಒಪ್ಪಿದ. ಅರವತ್ತು ದಾಟಿದ ಮನುಷ್ಯ. ತೂಬು ಎತ್ತುವುದು, ಇಳಿಸುವುದು ಅವನ ಮನೆತನದ ಕೆಲಸ, ಆದರೆ ಕೆರೆಯೇ ತುಂಬದೆ ಆ ಕೆಲಸವೂ ಇಲ್ಲದಂತಾಗಿತ್ತು. ಬಾಟಲಿಯ ಕೆಲಸವನ್ನು ಅವನು ಪೂಜೆಯಷ್ಟು ನಿಷ್ಠೆಯಿಂದ ಹಿಡಿದ.

ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಎಂಜಿನಿಯರಿಗೆ ಫೋನು ಮಾಡಿದೆ. ಅವರು ಹಡಗಲಿ ಕಡೆ ಹೊಳೆದಂಡೆಯ ಊರೊಂದರಲ್ಲಿದ್ದರು. ಬರಲು ಎರಡು ಗಂಟೆಗೂ ಹೆಚ್ಚು ಬೇಕು.

"ಮೇಡಂ, ನಾನು ಬಂದು ನೋಡೋತನಕ ಜನಕ್ಕೆ ಏನೂ ಹೇಳಬೇಡಿ. ಗಾಬರಿಯಾಗಿ ದಿಕ್ಕಾಪಾಲು ಓಡ್ತಾರೆ."

ನನ್ನ ಮೇಲಧಿಕಾರಿಯೂ ಅದನ್ನೇ ಹೇಳಿದರು. "ಲಿಖಿತ ಆದೇಶ ಬರೋವರೆಗೆ ನೀವು ಯಾವ ಪ್ರಕಟಣೆಯನ್ನೂ ಕೊಡುವ ಹಾಗಿಲ್ಲ."

ಅವರ ಮಾತಿಗೆ ಕಾರಣವಿತ್ತು. ಹಿಂದಿನ ವರ್ಷ ಇದೇ ಊರಿನಲ್ಲಿ ನಾನು ಭಾರಿ ಮಳೆಯ ಎಚ್ಚರಿಕೆ ಕೊಟ್ಟು, ಕೆಳಗಿನ ಓಣಿಯವರನ್ನು ಒಂದು ದಿನವಿಡೀ ಸಮುದಾಯ ಭವನದಲ್ಲಿ ಕೂರಿಸಿದ್ದೆ. ಅವತ್ತು ಒಂದು ಹನಿಯೂ ಬೀಳಲಿಲ್ಲ. ಆಮೇಲೆ ಎಷ್ಟೋ ದಿನ ಆ ಊರಲ್ಲಿ ನನ್ನನ್ನು ಕಂಡರೆ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಆಮೇಲಿನ ಅಣಕು ಕಾರ್ಯಾಚರಣೆಗೆ ಅಂಗನವಾಡಿಯ ಇಬ್ಬರನ್ನು ಬಿಟ್ಟರೆ ಯಾರೂ ಬರಲಿಲ್ಲ.

ಎಂಟೂಕಾಲಕ್ಕೆ ಏರಿ ಮುಟ್ಟಿ, ಕಟ್ಟೆಯ ಮೇಲಿದ್ದ ಕೊನೆಯ ಎರಡು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಬುಡಕ್ಕೆ ಇಳಿದೆ. ತೂಬಿನಿಂದ ನೂರು ಹೆಜ್ಜೆ ಆಚೆ, ಜಾಲಿಗಿಡಗಳ ನಡುವೆ ಒಂದು ಹೊಸ ಬುಗ್ಗೆ ಎದ್ದಿತ್ತು. ಊಟದ ತಟ್ಟೆಯಷ್ಟು ಅಗಲ. ನೀರು ಕುದಿಯುವಂತೆ ಮೇಲೇಳುತ್ತಿತ್ತು, ಸುತ್ತ ನುಣುಪು ಮರಳು ಇರುವೆಗೂಡಿನ ಹಾಗೆ ಗುಪ್ಪೆಗಟ್ಟಿತ್ತು. ನೀರಿನ ಬಣ್ಣ ಹಾಲು ಕಡಿಮೆ ಹಾಕಿದ ಚಹಾದ್ದು. ನಾಲ್ಕೈದು ಗಂಡಸರು ಆಗಲೇ ಗೋಣಿಚೀಲ, ಕಲ್ಲು, ಜೇಡಿಮಣ್ಣು ತಂದು ಅದರ ಬಾಯಿಗೆ ತುರುಕುತ್ತಿದ್ದರು. ನೀರಗಂಟಿ ಅವರ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತು ಕೂಗುತ್ತಿದ್ದ.

"ಬಾಯಿ ಮುಚ್ಚಬ್ಯಾಡ್ರಲೇ! ಇಲ್ಲಿ ಮುಚ್ಚಿದ್ರ ಇನ್ನೊಂದ್ ಕಡಿ ಬಾಯಿ ತಗೀತೈತಿ!"

ಅವನು ಹೇಳಿದ್ದು ಸರಿ. ತರಬೇತಿಯಲ್ಲಿ ನಮಗೂ ಅದನ್ನೇ ಕಲಿಸಿದ್ದರು. ಬುಗ್ಗೆಯ ನೀರನ್ನು ತಡೆಯಬಾರದು, ಅದರ ಜೊತೆ ಬರುವ ಮಣ್ಣನ್ನು ತಡೆಯಬೇಕು. ಸುತ್ತಲೂ ಮರಳಿನ ಚೀಲಗಳಿಂದ ಬಾವಿಕಟ್ಟೆಯಂತೆ ಉಂಗುರ ಕಟ್ಟಿದರೆ ಒಳಗೆ ನೀರು ಏರಿ ನಿಲ್ಲುತ್ತದೆ. ಆ ನೀರಿನ ಭಾರಕ್ಕೆ ಬುಗ್ಗೆಯ ಜೋರು ತಗ್ಗುತ್ತದೆ. ನಾನು ಚೀಲ ಹಿಡಿದವರ ಮುಂದೆ ಕೋಲಿನಿಂದ ನೆಲದಲ್ಲಿ ಉಂಗುರ ಗೀಚಿ ತೋರಿಸಿದೆ. ಅವರು ಒಲ್ಲದ ಮನಸ್ಸಿನಿಂದ ತುರುಕಿದ್ದನ್ನು ಕಿತ್ತರು. ಕಿತ್ತ ಕೂಡಲೇ ನೀರು ಮೊಳಕಾಲೆತ್ತರ ಚಿಮ್ಮಿತು. ಎಲ್ಲರೂ ಹಿಂದೆ ಸರಿದೆವು.

ಆ ಚಿಮ್ಮುವಿಕೆಯನ್ನು ಯಾರೋ ಏರಿಯ ಮೇಲಿನಿಂದ ಮೊಬೈಲಿನಲ್ಲಿ ಹಿಡಿದಿದ್ದರು. ಹತ್ತು ನಿಮಿಷದಲ್ಲಿ ಅದು ನನ್ನ ಫೋನಿಗೂ ಬಂತು. ಕೆಳಗೆ ಬರೆದಿತ್ತು: "ಕೆರಿ ಒಡದೈತಿ."

ಅಲ್ಲಿಂದ ಮುಂದಿನ ಅರ್ಧ ಗಂಟೆ ಊರು ದಿಕ್ಕಾಪಾಲಾಯಿತು. ಏರಿಯ ನೇರ ಕೆಳಗೆ ಎಂಬತ್ತರಷ್ಟು ಮನೆಗಳ ಓಣಿ. ಅದರಾಚೆ ಹಳ್ಳ. ಹಳ್ಳ ದಾಟಿ, ಕೊಟ್ಟೂರು ರಸ್ತೆಯ ದಿಬ್ಬದ ಮೇಲೆ ಶಾಲೆ. ಅರ್ಧ ಜನ ನೋಡಲೆಂದು ಏರಿಯ ಕಡೆಗೇ ಓಡಿ ಬಂದರು. ಇನ್ನರ್ಧ ಜನ ಬೈಕು, ಟ್ರ್ಯಾಕ್ಟರ್ ಹತ್ತಿ ಹಳ್ಳದ ಸಣ್ಣ ಸೇತುವೆಯ ಮೇಲೆ ಜಮಾಯಿಸಿದರು. ಏರಿ ಒಡೆದರೆ ಓಣಿ ದಾಟಿದ ನೀರೆಲ್ಲ ಬಂದು ಹೊಡೆಯುವುದು ಆ ಸೇತುವೆಗೇ. ಅದಕ್ಕಿಂತ ಭಯಂಕರವಾದದ್ದನ್ನು ಓಣಿಯ ಆಶಾ ಕಾರ್ಯಕರ್ತೆ ಏದುಸಿರು ಬಿಡುತ್ತ ಬಂದು ಹೇಳಿದಳು.

"ಅಕ್ಕಾ, ತಾಯಂದ್ರು ಸಾಲಿಗೆ ಓಡ್ಯಾರ. ಮಕ್ಕಳನ್ನ ಎಳಕೊಂಡು ಮನಿಗೆ ಬರಾಕ ಹತ್ಯಾರ."

ಅವತ್ತು ಶನಿವಾರ, ಶಾಲೆ ಬೆಳಿಗ್ಗೆಯೇ ಶುರುವಾಗಿತ್ತು. ಊರಿನಲ್ಲಿ ಅತಿ ಎತ್ತರದ ಜಾಗ ಅದೇ. ಅಲ್ಲಿ ಕ್ಷೇಮವಾಗಿದ್ದ ಮಕ್ಕಳು ಈಗ ಏರಿಯ ಬುಡದ ಮನೆಗಳಿಗೆ ಇಳಿದು ಬರುತ್ತಿದ್ದರು. ಜನರಿಗೆ ಹೇಳಿದರೆ ಗಾಬರಿಯಾಗುತ್ತಾರೆ ಎಂದು ನಾವು ಬಾಯಿ ಮುಚ್ಚಿಕೊಂಡಿದ್ದೆವು. ಗಾಬರಿ ಆಗಿಯೇ ಹೋಗಿತ್ತು. ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮೇಲಧಿಕಾರಿಗೆ ಮತ್ತೆ ಫೋನು ಮಾಡಿದೆ. ಕಾರ್ಯನಿರತ. ಇನ್ನೊಮ್ಮೆ ಮಾಡಿದೆ. ಕಾರ್ಯನಿರತ. ಮೂರನೆಯ ಸಲ ಮಾಡಲಿಲ್ಲ. ಫೋನನ್ನು ಚೀಲಕ್ಕೆ ಹಾಕಿದೆ.

"ಊರಾಗ ಮೈಕ್ ಎಲ್ಲೈತಿ?" ಎಂದು ಕೇಳಿದೆ.

"ಪಂಚಾಯ್ತಿದು ಕೆಟ್ಟು ಕುಂತೈತಿ. ಪ್ಲಾಸ್ಟಿಕ್ ಸಾಮಾನಿನ ಗಾಡಿ ಬಂದೈತಿ ನೋಡ್ರಿ, ಅದ್ರಾಗ ಐತಿ" ಎಂದಳು ಆಶಾ ಕಾರ್ಯಕರ್ತೆ.

ಹರಪನಹಳ್ಳಿ ಕಡೆಯ ಆ ವ್ಯಾಪಾರಿ ತನ್ನ ಸಣ್ಣ ಗಾಡಿಯನ್ನು ಗುಡಿಯ ಮುಂದೆ ನಿಲ್ಲಿಸಿ ಕಂಗಾಲಾಗಿ ಕೂತಿದ್ದ. ಸ್ಪೀಕರಿನಲ್ಲಿ ಅವನದೇ ದನಿ ತನ್ನಷ್ಟಕ್ಕೆ ಕೂಗುತ್ತಿತ್ತು: "ಬಕೇಟ್, ಬುಟ್ಟಿ, ಚಾಪೆ, ಮೊರ…" ನಾನು ಹತ್ತಿ ಪಕ್ಕದಲ್ಲಿ ಕೂತೆ.

"ಅಣ್ಣಾ, ಅದನ್ನ ಆರಿಸಿ ಮೈಕ್ ನನ್ನ ಕೈಗೆ ಕೊಡು. ಗಾಡಿ ಮೊದಲು ಸೇತುವೆಗೆ ಹೋಗಲಿ, ಆಮೇಲೆ ಓಣಿ ಒಳಗೆ."

"ಒಡೆದ್ರೆ ಅಕ್ಕಾ?"

"ಒಡೆದ್ರೆ ನಾವಿಬ್ಬರೂ ಹೋಗ್ತೀವಿ. ನಡಿ."

ಅವನು ಸ್ಪೀಕರ್ ಆರಿಸಿ, ಮೈಕ್ ಕೊಟ್ಟು ಗೇರು ಹಾಕಿದ.

ಕಚೇರಿಯಲ್ಲಿ ಇಂಥ ಹೊತ್ತಿಗೆಂದೇ ಒಂದು ಮಾದರಿ ಪ್ರಕಟಣೆ ಇತ್ತು. "ಸಾರ್ವಜನಿಕರು ಆತಂಕಕ್ಕೆ ಒಳಗಾಗದೆ ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು" ಎಂದು ಶುರುವಾಗುತ್ತಿತ್ತು. ನನಗದು ಬಾಯಿಪಾಠ. ಆದರೆ ಯಾವುದು ಸುರಕ್ಷಿತ ಸ್ಥಳ ಎಂಬುದೇ ಅದರಲ್ಲಿರಲಿಲ್ಲ. ಮೈಕಿನಲ್ಲಿ ನಾನು ಆಡಿದ್ದು ಬೇರೆ.

"ಕೆರಿ ಒಡದಿಲ್ಲ. ಏರಿ ಬುಡದಾಗ ಒಂದ್ ಕಡಿ ರಾಡಿ ನೀರು ಬರಾಕ ಹತ್ತೈತಿ. ಒಡೀತೈತೋ ಇಲ್ಲೋ ನನಗ ಗೊತ್ತಿಲ್ಲ. ಎಂಜಿನಿಯರ್ ಬರಾಕ ಹತ್ಯಾರ. ಮಕ್ಕಳು ಸಾಲ್ಯಾಗೇ ಇರ್ಲಿ, ಕೆಳಗ ತರಬ್ಯಾಡ್ರಿ, ನೀವೇ ಸಾಲಿಗೆ ಹೋಗ್ರಿ. ಸೇತುವಿ ಮ್ಯಾಲೆ ಯಾರೂ ನಿಲ್ಲಬ್ಯಾಡ್ರಿ, ದಾಟಿ ಮುಂದ ಹೋಗ್ರಿ. ನಾನು ಅರ್ಧ ತಾಸಿಗೊಮ್ಮೆ ಬಂದು ಏನಾಗೈತಿ ಅಂತ ಹೇಳ್ತೀನಿ."

ಇಷ್ಟನ್ನೇ ಒಂದು ಪದ ಬದಲಿಸದೆ ಮತ್ತೆ ಮತ್ತೆ ಹೇಳಿದೆ. ಸೇತುವೆ ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿಯುತ್ತಿದ್ದ ತಾಯಂದಿರು ಅಲ್ಲೇ ನಿಂತು, ಕೇಳಿ, ತಿರುಗಿದರು.

ಓಣಿ ಮಾತ್ರ ಕದಲಲಿಲ್ಲ. ಗಾಡಿಯ ಸದ್ದಿಗೆ ಎಲ್ಲರೂ ಹೊರಗೆ ಬಂದರು, ನನ್ನನ್ನು ಕಂಡರು, ನಿಂತರು. ಓಣಿಯ ತುದಿಯಲ್ಲಿ ಕುರಿ ಸಾಕುವವರ ಹತ್ತು ಹನ್ನೆರಡು ಮನೆಗಳಿದ್ದವು. ಅಲ್ಲಿನ ಹಿರಿಯ ಹೆಂಗಸು ಕುರಿಹಟ್ಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಓಣಿಯ ಅರ್ಧ ಜನ ಅವಳ ಮಾತನ್ನೇ ಕಾಯುತ್ತಿದ್ದರು.

"ಹ್ವಾದ ವರ್ಷ ಹಿಂಗ ಅಂದು ಒಂದಿನ ಪೂರ್ತಿ ಕೂಡಿ ಹಾಕಿದ್ರಿ. ಬಿಸಿಲು ಹೊಡೀತು. ಕುರಿ ನೀರಿಲ್ದ ಒದರಿದ್ವು. ಈಗ ಮತ್ತ ಬಂದೀರಿ?"

ಗಾಡಿಯಿಂದ ಇಳಿದೆ. ಮೈಕನ್ನು ಸೀಟಿನ ಮೇಲೆ ಇಟ್ಟೆ.

"ಅವತ್ತು ನಂದು ತಪ್ಪಾಗಿತ್ತು" ಎಂದೆ. "ಇವತ್ತೂ ಒಡೀದೇ ಇರಬಹುದು. ಹಂಗಾದರೆ ನೀವು ನಾಳೆ ಮತ್ತೆ ನಗಬಹುದು. ಆದರೆ ಇದನ್ನೊಮ್ಮೆ ನೋಡ್ರಿ."

ಚೀಲದಿಂದ ಎರಡು ಬಾಟಲಿ ತೆಗೆದು ಅವಳ ಎರಡೂ ಕೈಗೆ ಕೊಟ್ಟೆ. ಒಂದು ನಿನ್ನೆ ಸಂಜೆಯದು, ಒಂದು ಇವತ್ತಿನದು. ಅವಳು ಇವತ್ತಿನದನ್ನು ಬೆಳಕಿಗೆ ಹಿಡಿದಳು. ಅಲುಗಿಸಿದಳು. ತಳದ ಮಣ್ಣು ಎದ್ದು ನೀರೆಲ್ಲ ಕೆಂಪಗಾಯಿತು.

"ಇದು ಏರಿ ಒಳಗಿನ ಮಣ್ಣೇನು?"

"ಹೌದು."

"ನಿಲ್ಲದ ಬರಾಕ ಹತ್ತೈತೇನು?"

"ಬೆಳಿಗ್ಗಿಂದ."

ಅವಳು ಬಾಟಲಿಗಳನ್ನು ಹಿಂದಕ್ಕೆ ಕೊಡಲಿಲ್ಲ. ಪಕ್ಕದ ಮನೆಯವಳ ಕೈಗೆ ದಾಟಿಸಿದಳು. ಆಮೇಲೆ ಹಟ್ಟಿಯ ಮುಳ್ಳಿನ ಬಾಗಿಲನ್ನು ಎಳೆದು ಬದಿಗೆ ಎಸೆದಳು. ಎರಡು ದಿನದ ಮರಿಗಳನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಮುಂದೆ ನಡೆದಳು. ಕುರಿಗಳು ಹಿಂದೆ ಬಿದ್ದವು. ಇಡೀ ಮಂದೆ ಓಣಿಯ ನಡುವೆ ಹಾದು ದಿಬ್ಬದ ದಾರಿ ಹಿಡಿದಾಗ ಯಾರಿಗೂ ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಕುರಿಯವರು ಊರು ಬಿಡುತ್ತಿದ್ದಾರೆಂದರೆ ಅದು ತಮಾಷೆಯ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬಾಟಲಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಮನೆಗಳ ಬಾಗಿಲಿಗೆ ಚಿಲಕ ಬೀಳುತ್ತಿತ್ತು. ಆಶಾ ಕಾರ್ಯಕರ್ತೆ ತನ್ನ ರಿಜಿಸ್ಟರಿನಲ್ಲಿ ಮನೆ ಮನೆಗೂ ಗುರುತು ಹಾಕುತ್ತ, ಒಬ್ಬ ಬಾಣಂತಿಯನ್ನೂ ಹಾಸಿಗೆ ಹಿಡಿದ ಇಬ್ಬರನ್ನೂ ವ್ಯಾಪಾರಿಯ ಗಾಡಿಗೆ ಹತ್ತಿಸಿದಳು. ವ್ಯಾಪಾರಿ ತನ್ನ ಬಕೇಟುಗಳನ್ನೆಲ್ಲ ಗುಡಿಯ ಮುಂದೆ ಸುರಿದು ಜಾಗ ಮಾಡಿಕೊಟ್ಟ.

ಹನ್ನೊಂದಕ್ಕೆ ಎಂಜಿನಿಯರ್ ಬಂದರು. ಜೀಪಿನಿಂದ ಇಳಿಯುತ್ತಲೇ ಖಾಲಿ ಓಣಿ ಕಂಡು ನನ್ನತ್ತ ತಿರುಗಿದರು.

"ಯಾರ ಅಪ್ಪಣೆ ಮೇಲೆ ಇದು?"

"ನನ್ನದೇ. ಅದನ್ನ ಆಮೇಲೆ ಮಾತಾಡೋಣ ಸರ್, ಮೊದಲು ಬುಗ್ಗೆ ನೋಡಿ."

ನೋಡಿದ ಮೇಲೆ ಅವರು ಮತ್ತೆ ಅಪ್ಪಣೆಯ ಮಾತೆತ್ತಲಿಲ್ಲ. ಅಷ್ಟರಲ್ಲಿ ನೀರಗಂಟಿ ಗೊಬ್ಬರದ ಖಾಲಿ ಚೀಲಗಳನ್ನು ಕೂಡಿಸಿದ್ದ. ಯಾರದೋ ಕಟ್ಟುತ್ತಿದ್ದ ಮನೆಯ ಮುಂದಿನ ಮರಳು, ಚರಂಡಿ ಕೆಲಸಕ್ಕೆ ತಂದಿದ್ದ ಜಲ್ಲಿ ಎರಡೂ ಟ್ರ್ಯಾಕ್ಟರಿನಲ್ಲಿ ಬಂದವು. ಎಂಜಿನಿಯರ್ ಕಾವಲಿಗೆ ಒಬ್ಬನನ್ನು ಏರಿಯ ಮೇಲೆ ನಿಲ್ಲಿಸಿ, ಅವನು ಸೀಟಿ ಹೊಡೆದರೆ ಚೀಲ ಅಲ್ಲೇ ಬಿಟ್ಟು ಎಡಕ್ಕೆ ಓಡಬೇಕೆಂದು ಎಲ್ಲರಿಗೂ ಓಡುವ ದಾರಿ ತೋರಿಸಿದರು. ಕೆಲಸಕ್ಕೆ ಇಪ್ಪತ್ತೇ ಜನ. ಚೀಲಗಳನ್ನು ಅರ್ಧ ತುಂಬಿ, ಇಟ್ಟಿಗೆ ಜೋಡಿಸುವ ಹಾಗೆ ಸಂದು ತಪ್ಪಿಸಿ ಇಟ್ಟೆವು. ಉಂಗುರದೊಳಗೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ. ಮೊದಲ ಸಲ ಹಾಕಿದ ಮರಳನ್ನು ಬುಗ್ಗೆ ತೂರಿ ಎಸೆಯಿತು. ಉಂಗುರವನ್ನು ಇನ್ನೂ ಎರಡು ಸಾಲು ಎತ್ತರಿಸಿ, ಒಳಗೆ ನೀರು ನಿಂತ ಮೇಲೆ ಹಾಕಿದ್ದು ನಿಂತಿತು. ಆದರೆ ಬಣ್ಣ ತಿಳಿಯಾಗಲಿಲ್ಲ.

"ಕೆರೆಯ ಮಟ್ಟ ಇಳಿಸಲೇಬೇಕು. ತೂಬು ಎತ್ತಬೇಕು" ಎಂದರು ಎಂಜಿನಿಯರ್.

ತೂಬಿನ ಕಾಲುವೆ ಹೂಳು ತುಂಬಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಎತ್ತಿದರೆ ನೀರು ನುಗ್ಗುವುದು ಒಬ್ಬ ರೈತನ ಹೊಲಕ್ಕೆ. ಅವನು ಹಿಂದಿನ ದಿನವಷ್ಟೇ ಈರುಳ್ಳಿ ಕಿತ್ತು ಹೊಲದ ತುಂಬ ಒಣಗಲು ಹರವಿದ್ದ, ಎಲ್ಲ ಎತ್ತಿಡಲು ಎರಡು ದಿನವಾದರೂ ಬೇಕಿತ್ತು. ಅಲ್ಲದೆ ಇಷ್ಟು ವರ್ಷದ ಮೇಲೆ ತುಂಬಿದ ಕೆರೆಯನ್ನು ಖಾಲಿ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ತೂಬಿನ ಮುಂದೆ ಜನ ಅಡ್ಡ ಮಲಗುವುದು ಖಂಡಿತ. "ಪೊಲೀಸರನ್ನ ಕರೆಸಿ ಎತ್ತಿಬಿಡೋಣ" ಎಂದು ಯಾರೋ ಅಂದರು. ನಾನು ಎಂಜಿನಿಯರಿಗೆ, "ಐದು ನಿಮಿಷ ಶಾಲೆಗೆ ಬನ್ನಿ, ನೀವೇ ಹೇಳಿ" ಎಂದೆ. ಅವರಿಗೆ ಮೈಕ್ ಹಿಡಿದು ಅಭ್ಯಾಸವಿರಲಿಲ್ಲ. ಬೇಡವೆಂದು ತಲೆಯಾಡಿಸಿದರು. ಆಮೇಲೆ ಏನನ್ನಿಸಿತೋ, ಜೀಪು ಹತ್ತಿದರು.

ಶಾಲೆಯ ಅಂಗಳದಲ್ಲಿ ಅವರು ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಏರಿಯ ಚಿತ್ರ ಬರೆದರು. ನೀರು ಎಷ್ಟು ಎತ್ತರ ನಿಂತರೆ ಬುಡಕ್ಕೆ ಎಷ್ಟು ಒತ್ತುತ್ತದೆ ಎಂದು ಬಾಣ ಹಾಕಿ ತೋರಿಸಿದರು. "ಪೂರಾ ಖಾಲಿ ಮಾಡಲ್ಲ. ಆಳುದ್ದ ಇಳಿಸ್ತೀವಿ. ಅದೂ ನಿಧಾನಕ್ಕೆ, ಒಮ್ಮೆಲೇ ಇಳಿಸಿದರೆ ಒಳಬದಿಯ ಏರಿ ಜಾರುತ್ತೆ."

ಗದ್ದಲವೆದ್ದಿತು. ಅದರ ನಡುವೆ ಈರುಳ್ಳಿಯ ರೈತ ಎದ್ದು ನಿಂತ. ಗದ್ದಲ ತಾನಾಗಿ ನಿಂತಿತು.

"ನನ್ನ ಉಳ್ಳಾಗಡ್ಡಿ ಹೋಗ್ತೈತಿ, ಹೌದಿಲ್ಲೋ?"

"ಹೌದು" ಎಂದರು ಎಂಜಿನಿಯರ್.

"ಹೋಗ್ಲಿ. ಆದ್ರ ಇವ್ರು ಬಂದು ತೂಬು ಎತ್ತಿದ್ರು, ನನ್ನ ಬೆಳಿ ಹೋತು ಅಂತ ಬರೀಬ್ಯಾಡ್ರಿ. ಊರ ಸಲುವಾಗಿ ನಾನು ಎತ್ರಿ ಅಂದೆ ಅಂತ ಬರೀರಿ. ಎಲ್ಲಾರ ಮುಂದ ಬರೀರಿ."

ಆಶಾ ಕಾರ್ಯಕರ್ತೆಯ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ನಾನೇ ಬರೆದೆ. ಅವನು ಓದಿಸಿ ಕೇಳಿ ಸಹಿ ಹಾಕಿದ. ಅವನ ಹೆಂಡತಿ ಮುಖ ಆಚೆ ತಿರುಗಿಸಿ ಕೂತಿದ್ದಳು. ಅವಳನ್ನು ಕೇಳಿ ಬರೆಯಬೇಕಿತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ತುಕ್ಕು ಹಿಡಿದ ತೂಬಿನ ತಿರುಪು ಒಂದು ಗಂಟೆ ಸತಾಯಿಸಿತು. ನೀರಗಂಟಿ ಎಣ್ಣೆ ಸುರಿದು, ಸರಪಳಿ ಸುತ್ತಿ, ನಾಲ್ವರನ್ನು ಹಾರೆಗೆ ಹಚ್ಚಿ, ಒಂದೊಂದೇ ಸುತ್ತು ಎಣಿಸುತ್ತ ಎತ್ತಿಸಿದ. ಒಂದೂವರೆಗೆ ನೀರು ತೂಬಿನಿಂದ ಹೊರಬಿದ್ದು ಈರುಳ್ಳಿಯ ಹೊಲಕ್ಕೆ ನುಗ್ಗಿತು. ನಾನು ಮಾತು ಕೊಟ್ಟಂತೆ ಅರ್ಧ ಗಂಟೆಗೊಮ್ಮೆ ದಿಬ್ಬ ಹತ್ತಿ ಹೇಳುತ್ತಲೇ ಇದ್ದೆ. ಕೆಲವು ಸಲ ಹೇಳಲು ಹೊಸದೇನೂ ಇರುತ್ತಿರಲಿಲ್ಲ. ಆಗಲೂ ಹೋಗಿ, "ಬದಲಾಗಿಲ್ಲ, ಹಂಗೇ ಐತಿ" ಎಂದು ಹೇಳಿ ಬಂದೆ.

ಮೂರೂವರೆಗೆ ಏರಿಯ ಮೇಲಿನವನು ಸೀಟಿ ಊದಿದ.

ಎಲ್ಲರೂ ಎಡಕ್ಕೆ ಓಡಿದೆವು. ಹಿಂದೆ ದೊಡ್ಡದೊಂದು ಉಸಿರು ಬಿಟ್ಟಂತೆ ಸದ್ದಾಯಿತು. ತಿರುಗಿ ನೋಡಿದರೆ ಉಂಗುರದ ಬಲಕ್ಕೆ, ಎರಡು ಗಾಡಿಯಷ್ಟು ಅಗಲದ ಏರಿಯ ಹಿಂಬದಿ ಕುಸಿದು ಜಾಲಿಗಿಡಗಳ ಸಮೇತ ಜಾರಿ ಬಂದಿತ್ತು. ಕೆಸರು ಓಣಿಯ ಮೊದಲ ಮೂರು ಮನೆಗಳ ಗೋಡೆ ಒತ್ತಿ ಒಳಗೆ ನುಗ್ಗಿತ್ತು. ಆ ಮನೆಗಳಲ್ಲಿ ಒಂದು ಬಾಣಂತಿಯದು.

ಏರಿಯ ನೆತ್ತಿ ಉಳಿದಿತ್ತು. ಕೆರೆಯ ನೀರು ಬೆಳಗಿನ ಮಟ್ಟಕ್ಕಿಂತ ನಾಲ್ಕು ಬೆರಳಷ್ಟು ಇಳಿದಿತ್ತು. ಅಷ್ಟೂ ಇಳಿಯದಿದ್ದರೆ ಏನಾಗುತ್ತಿತ್ತು ಎಂದು ಎಂಜಿನಿಯರನ್ನು ಕೇಳಿದೆ. ಅವರು ಆಗಲೇ ಕುಸಿದ ಜಾಗದ ಬುಡಕ್ಕೆ ಜಲ್ಲಿ, ಕಲ್ಲು ಸುರಿದು ಭಾರ ಹೇರಲು ಕೂಗಿ ಹೇಳುತ್ತಿದ್ದರು. ಅವರ ಪ್ಯಾಂಟು ತೊಡೆಯವರೆಗೆ ಕೆಸರಾಗಿತ್ತು. ಸುದ್ದಿ ಮುಟ್ಟಿಸಲು ನಾನು ದಿಬ್ಬ ಹತ್ತಿದೆ. ಮೂರು ಮನೆ ಹೋದವೆಂದು ಮೈಕಿನಲ್ಲಿ ಹೇಳಲಿಲ್ಲ. ಆ ಮೂರು ಮನೆಯವರನ್ನು ಹುಡುಕಿ, ಎದುರಿಗೆ ಕೂತು ಹೇಳಿದೆ.

ಮರುದಿನ ಮಧ್ಯಾಹ್ನ ಬುಗ್ಗೆಯ ನೀರು ತಿಳಿಯಾಯಿತು. ಮೂರನೆಯ ದಿನ ಕೆರೆ ಆಳುದ್ದ ಇಳಿಯಿತು. ಅಪ್ಪಣೆಯಿಲ್ಲದೆ ಪ್ರಕಟಣೆ ಕೊಟ್ಟದ್ದಕ್ಕೆ ಕಾರಣ ಕೇಳಿ ನನಗೆ ಪತ್ರ ಬಂದದ್ದೂ ಅದೇ ದಿನ. ನಡೆದದ್ದನ್ನು ಗಂಟೆ ಸಮೇತ ಬರೆದು ಕಳಿಸಿದೆ. ಅದಕ್ಕೆ ಮರುತ್ತರ ಇನ್ನೂ ಬಂದಿಲ್ಲ.

ಅವತ್ತು ಸಂಜೆ ಓಣಿಯವರು ಮನೆಗೆ ಇಳಿಯಬಹುದೆಂದು ಹೇಳಲು ಎಂಜಿನಿಯರ್ ತಾವಾಗಿ ಮೈಕ್ ಕೇಳಿ ಇಸಿದುಕೊಂಡರು. ಏರಿಯ ಬುಡದ ಮೊದಲೆರಡು ಸಾಲಿನ ಮನೆಗಳು ಮಾತ್ರ ಈಗಲೇ ಬೇಡ ಎಂದರು. ಕುರಿಗಳು ದಿಬ್ಬ ಇಳಿಯತೊಡಗಿದವು. ಬಾಣಂತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಶಾಲೆಯ ಜಗುಲಿಯಲ್ಲೇ ನಿಂತಿದ್ದಳು.

"ನಾವು ಯಾವತ್ತು ಹೋಗ್ಬೇಕ್ರಿ ಸಾಹೇಬ್ರ?"

ಎಂಜಿನಿಯರ್ ಮೈಕನ್ನು ಕೆಳಗಿಳಿಸಿ ಅವಳ ಹತ್ತಿರ ಹೋದರು.

"ಗೊತ್ತಿಲ್ಲಮ್ಮ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಏರಿ ನೋಡ್ತೀನಿ. ಎಂಟು ಗಂಟೆಗೆ ಇಲ್ಲಿಗೇ ಬಂದು ಹೇಳ್ತೀನಿ."

ಮರುದಿನ ನಾನು ಬೇಕೆಂದೇ ಬೇಗ ಹೋಗಿ ಶಾಲೆಯ ಮುಂದೆ ಕಾದೆ. ಎಂಟಕ್ಕೆ ಹತ್ತು ನಿಮಿಷವಿರುವಾಗ ಜೀಪು ಬಂತು. ಬೂಟಿನ ಕೆಸರನ್ನು ಮೆಟ್ಟಿಲಿಗೆ ಉಜ್ಜಿ, ಅವರು ನನ್ನನ್ನು ದಾಟಿ ನೇರವಾಗಿ ಜಗುಲಿಯ ಕಡೆಗೆ ನಡೆದರು.